ಕೇಸ್ ಪೇಪರಿನ ಮೊದಲ ಸಾಲು: ರಸ್ತೆ ಅಪಘಾತವಾದಾಗ ಆಸ್ಪತ್ರೆಯಲ್ಲಿ ಏನು ಬರೆಸಬೇಕು?



ಈ ಸಲ ಔಷಧದ ಮಾತಿಲ್ಲ, ಪಥ್ಯದ ಮಾತೂ ಇಲ್ಲ. ಕಾಗದದ ಮಾತು. ಸ್ವಲ್ಪ ಉದ್ದವಿದೆ. ಈಗ ಓದಲು ಪುರುಸೊತ್ತಿಲ್ಲದಿದ್ದರೆ ಸ್ಟಾರ್ ಹಾಕಿ ಇಟ್ಟುಕೊಳ್ಳಿ, ರೈಲಿನಲ್ಲಿ ಓದಿ.

ಕುರ್ಲಾ ಕಡೆ ಇರುವವರು 2024ರ ಡಿಸೆಂಬರ್ 9ರ ರಾತ್ರಿಯನ್ನು ಮರೆತಿರಲಿಕ್ಕಿಲ್ಲ. ಕುರ್ಲಾ ಪಶ್ಚಿಮದ ಎಸ್.ಜಿ. ಬರ್ವೆ ಮಾರ್ಗದಲ್ಲಿ 332ನೇ ನಂಬರಿನ ಬೆಸ್ಟ್ ಬಸ್ಸು ಹತೋಟಿ ತಪ್ಪಿ, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ಜನರ ಮೇಲೆ, ನಿಂತಿದ್ದ ಗಾಡಿಗಳ ಮೇಲೆ ನುಗ್ಗಿತು. ಏಳಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಸುಮಾರು ನಲವತ್ತು ಜನ ಗಾಯಗೊಂಡರು. ಗಾಯಾಳುಗಳನ್ನು ಸಿಕ್ಕ ಸಿಕ್ಕ ಗಾಡಿಯಲ್ಲಿ ಭಾಭಾ ಆಸ್ಪತ್ರೆಗೆ, ಸುತ್ತಲಿನ ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಊರಲ್ಲಿ ಟಿ.ವಿ. ನೋಡಿದವರೆಲ್ಲ ನಮಗೆ ಫೋನ್ ಮಾಡಿ "ನಿಮ್ಮವರೆಲ್ಲ ಮನೆ ಮುಟ್ಟಿದ್ದಾರಾ?" ಎಂದು ಕೇಳಿದ ರಾತ್ರಿ ಅದು.

ಅಂಥ ಹೊತ್ತಿನಲ್ಲಿ ಕ್ಯಾಶುವಾಲಿಟಿ ಹೇಗಿರುತ್ತದೆ, ಯೋಚಿಸಿ. ಒಂದು ಸ್ಟ್ರೆಚರ್ ಒಳಗೆ ಹೋಗುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ. ಡ್ಯೂಟಿ ಡಾಕ್ಟರಿಗೆ ಒಬ್ಬೊಬ್ಬರ ಹತ್ತಿರ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅವರು ಕೇಸ್ ಪೇಪರಿನ ಮೇಲೆ ಎರಡು ಸಾಲು ಗೀಚುತ್ತಾರೆ: ಏನಾಯಿತು, ಎಲ್ಲಿ ಪೆಟ್ಟು. ಪ್ರಾಣ ಉಳಿಸುವುದೇ ಆಗಿನ ದೊಡ್ಡ ಕೆಲಸ, ಸರಿ. ಆದರೆ ಆರು ತಿಂಗಳ ಮೇಲೆ ಇನ್ಶೂರೆನ್ಸ್ ಕಂಪನಿಯವರು, ಪೊಲೀಸರು, ಟ್ರಿಬ್ಯೂನಲ್‌ನ ಜಡ್ಜ್ ಎಲ್ಲರೂ ಮೊದಲು ತೆಗೆದು ನೋಡುವುದು ಆ ಎರಡು ಸಾಲನ್ನೇ.

ನಾನು ಕೆಲವು ವರ್ಷ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದ್ದೇನೆ. ಹೆಸರು ಹೇಳುವುದಿಲ್ಲ. ಅಲ್ಲಿ ನೋಡಿದ ಒಂದು ಫೈಲು ಇವತ್ತಿಗೂ ತಲೆಯಲ್ಲಿ ಕೂತಿದೆ.

ಸಿಂದಗಿ ಕಡೆಯ ಹುಡುಗ. ಸೆಂಟ್ರಿಂಗ್ ಕೆಲಸ. ರಾತ್ರಿ ರಸ್ತೆ ದಾಟುವಾಗ ಹಿಂದಿನಿಂದ ಬಂದ ಟೆಂಪೋ ಗುದ್ದಿತು. ಜೊತೆಗಿದ್ದ ಅವನ ಚಿಕ್ಕಪ್ಪನ ಮಗ ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದ. ಡಾಕ್ಟರು "ಕ್ಯಾ ಹುವಾ?" ಎಂದರು. ಈ ಹುಡುಗನಿಗೆ ಬರುತ್ತಿದ್ದ ಹಿಂದಿ ಅಷ್ಟಕ್ಕಷ್ಟೆ. "ರೋಡ್ ಪೆ ಗಿರ್ ಗಯಾ" ಎಂದ. ಡಾಕ್ಟರು ಹಾಗೆಯೇ ಬರೆದರು: ರಸ್ತೆಯ ಮೇಲೆ ಬಿದ್ದು ಪೆಟ್ಟು.

ಅವನು ಸುಳ್ಳು ಹೇಳಲಿಲ್ಲ. ನಮ್ಮ ಮಾತೇ ಹಾಗೆ. ಬೈಕಿಗೆ ಲಾರಿ ಗುದ್ದಿದರೂ ನಾವು "ಗಾಡಿಯಿಂದ ಬಿದ್ದ" ಎನ್ನುತ್ತೇವೆ. ಕಾರು ತಾಗಿದರೂ "ದಾರಿಯಲ್ಲಿ ಬಿದ್ದಳಂತೆ" ಎನ್ನುತ್ತೇವೆ. ಗುದ್ದಿದ್ದು ಯಾರು ಎಂಬುದು ಮಾತಿನ ಮಧ್ಯೆ ಆಮೇಲೆ ಬರುತ್ತದೆ. ಊರಿನ ಕಟ್ಟೆಯ ಮೇಲೆ ಇದು ನಡೆಯುತ್ತದೆ. ಕೇಸ್ ಪೇಪರಿನಲ್ಲಿ ನಡೆಯುವುದಿಲ್ಲ. ಜೊತೆಗೆ ಅವನಿಗೆ ಇನ್ನೊಂದು ಹೆದರಿಕೆಯೂ ಇತ್ತು: ಗಾಡಿ ಗುದ್ದಿತು ಅಂದರೆ ಪೊಲೀಸರು ತನ್ನನ್ನೇ ಹಿಡಿದು ಕೂರಿಸುತ್ತಾರೆ, ನಾಳೆಯ ಪಗಾರ ಹೋಗುತ್ತದೆ ಎಂದು.

ಕಾಲಿನ ಎರಡೂ ಮೂಳೆ ಮುರಿದಿತ್ತು. ಮರುದಿನ ದೊಡ್ಡ ಆಸ್ಪತ್ರೆಗೆ ಬಂದರು, ರಾಡ್ ಹಾಕಿದರು. ಊರಿಂದ ಅಣ್ಣ ಬಂದು ವಿಷಯ ತಿಳಿದು ಪೊಲೀಸ್ ದೂರು ಕೊಟ್ಟಾಗ ಹನ್ನೆರಡು ದಿನ ಕಳೆದಿತ್ತು. ಟೆಂಪೋ ನಂಬರನ್ನು ಪಾನ್ ಅಂಗಡಿಯವ ನೋಡಿದ್ದ, ಸಾಕ್ಷಿ ಹೇಳಲೂ ಒಪ್ಪಿದ. ಆದರೆ ಟೆಂಪೋದ ಇನ್ಶೂರೆನ್ಸ್ ಕಂಪನಿಯ ವಕೀಲರು ಎತ್ತಿ ಹಿಡಿದದ್ದು ಮೊದಲ ರಾತ್ರಿಯ ಆ ಕಾಗದವನ್ನು. "ಬಿದ್ದೆ ಎಂದು ನೀವೇ ಹೇಳಿದ್ದೀರಿ. ಹನ್ನೆರಡು ದಿನದ ಮೇಲೆ ಟೆಂಪೋ ಎಲ್ಲಿಂದ ಬಂತು?"

*ಆ ಸಾಲು ಕೋಡ್ ಆಗುವುದು ಹೇಗೆ*

ರೋಗಿ ಡಿಸ್ಚಾರ್ಜ್ ಆದ ಮೇಲೆ ಅವನ ಕಾಗದಗಳೆಲ್ಲ ರೆಕಾರ್ಡ್ ರೂಮಿಗೆ ಹೋಗುತ್ತವೆ. ಅಲ್ಲಿ ಒಬ್ಬರು ಕೂತು ಡಾಕ್ಟರು ಬರೆದದ್ದನ್ನು ಓದಿ ಪ್ರತಿಯೊಂದಕ್ಕೂ ಅಂತರರಾಷ್ಟ್ರೀಯ ಸಂಕೇತ ಹಾಕುತ್ತಾರೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಪಟ್ಟಿ. 2022ರ ಜನವರಿ 1ರಿಂದ ಐಸಿಡಿ-11 ಬಂದಿದೆಯಾದರೂ ನಮ್ಮ ಮೆಡಿಕ್ಲೇಮ್ ಫಾರ್ಮುಗಳಲ್ಲಿ ಕೇಳುವುದು ಐಸಿಡಿ-10. ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಮಾಡುವ ನೆಂಟರ ಮಕ್ಕಳು ನಿಮ್ಮಲ್ಲೂ ಇರಬಹುದು. ಅವರಲ್ಲಿ ಹೆಚ್ಚಿನವರು ಅಮೆರಿಕದ ಆಸ್ಪತ್ರೆಗಳ ಕಾಗದಕ್ಕೆ ಇದೇ ಕೆಲಸ ಮಾಡುತ್ತಾರೆ. ಕೇಳಿ ನೋಡಿ, ಅವರಿಗೆ ಮೊದಲ ದಿನ ಕಲಿಸುವ ಪಾಠ ಒಂದೇ: ಕಾಗದದಲ್ಲಿ ಬರೆಯದೇ ಇದ್ದದ್ದು ನಡೆದೇ ಇಲ್ಲ.

ಅಪಘಾತದ ಗಾಯಕ್ಕೆ ಎರಡು ಬಗೆಯ ಕೋಡ್ ಬೇಕು. ಗಾಯ ಯಾವುದು ಎಂಬುದಕ್ಕೆ ಒಂದು, ಅದು ಹೇಗಾಯಿತು ಎಂಬುದಕ್ಕೆ ಇನ್ನೊಂದು. ಮೊದಲನೆಯದು ಹೆಚ್ಚಾಗಿ ಎಸ್ ಅಕ್ಷರದಿಂದ ಶುರುವಾಗುತ್ತದೆ. ಎಸ್ 72 ಎಂದರೆ ತೊಡೆ ಮೂಳೆ ಮುರಿತ, ಎಸ್ 82 ಎಂದರೆ ಮೊಣಕಾಲಿನ ಕೆಳಗಿನ ಮೂಳೆಗಳ ಮುರಿತ, ಎಸ್ 06 ಎಂದರೆ ತಲೆಯ ಒಳಗಿನ ಪೆಟ್ಟು. ಎರಡನೆಯದರಲ್ಲಿ ರಸ್ತೆಯ ವಾಹನ ಅಪಘಾತವೆಲ್ಲ ವಿ ಅಕ್ಷರದಲ್ಲಿ. ಬಿದ್ದದ್ದು, ಜಾರಿದ್ದು ಡಬ್ಲ್ಯು ಅಕ್ಷರದಲ್ಲಿ.

ವಿ ಅಕ್ಷರದೊಳಗೂ ಗಾಯಾಳು ಎಲ್ಲಿದ್ದ, ಗುದ್ದಿದ್ದು ಏನು ಎಂದು ಬೇರೆ ಬೇರೆ ಮನೆಗಳಿವೆ. ಒಂದೇ ಬಸ್ಸು ಮೂರು ಜನರಿಗೆ ತಾಗಿತು ಎಂದಿಟ್ಟುಕೊಳ್ಳಿ. ನಡೆದು ಹೋಗುತ್ತಿದ್ದವನಿಗೆ ವಿ 04. ರಿಕ್ಷಾದಲ್ಲಿ ಕೂತಿದ್ದವಳಿಗೆ ವಿ 34. ಕಾರಿನಲ್ಲಿದ್ದವನಿಗೆ ವಿ 44. ನಡೆಯುತ್ತಿದ್ದವನಿಗೆ ಬಸ್ಸಿನ ಬದಲು ಕಾರೋ ಟೆಂಪೋವೋ ಗುದ್ದಿದರೆ ವಿ 03. ನಮ್ಮ ಸಿಂದಗಿಯ ಹುಡುಗನಿಗೆ ಇದೇ ಆಗಬೇಕಿತ್ತು. ಆದರೆ ನರ್ಸಿಂಗ್ ಹೋಮಿನ ಕಾಗದದಲ್ಲಿ ಟೆಂಪೋ ಎಂಬ ಶಬ್ದವೇ ಇಲ್ಲವಲ್ಲ, ಅಲ್ಲಿಗೆ ಅವನು ಡಬ್ಲ್ಯು 19. ಅಂದರೆ, ಹೇಗೋ ಬಿದ್ದವನು. ಕೋಡ್ ಹಾಕುವವರು ರೋಗಿಯ ಮುಖ ನೋಡಿರುವುದಿಲ್ಲ, ಅಕ್ಷರ ಮಾತ್ರ ನೋಡುತ್ತಾರೆ. ತಮ್ಮ ಊಹೆ ಸೇರಿಸುವ ಅಧಿಕಾರ ಅವರಿಗಿಲ್ಲ, ಇರಲೂಬಾರದು.

ನಿಮ್ಮ ಮೆಡಿಕ್ಲೇಮಿನಲ್ಲೂ ಇದೇ ಕಥೆ. ಕ್ಲೇಮ್ ಫಾರ್ಮಿನ ಎರಡನೇ ಭಾಗವನ್ನು ಆಸ್ಪತ್ರೆಯವರು ತುಂಬುತ್ತಾರೆ. ಅದರಲ್ಲಿ ಐಸಿಡಿ ಕೋಡಿನ ಜೊತೆ ಸಾಲಾಗಿ ಪ್ರಶ್ನೆಗಳಿರುತ್ತವೆ: ಗಾಯದಿಂದ ದಾಖಲಾದದ್ದೇ? ಕಾರಣ ರಸ್ತೆ ಅಪಘಾತವೇ, ತಾನೇ ಮಾಡಿಕೊಂಡದ್ದೇ, ಕುಡಿತದಿಂದ ಆದದ್ದೇ? ಮೆಡಿಕೋ ಲೀಗಲ್ ಕೇಸೇ? ಪೊಲೀಸರಿಗೆ ತಿಳಿಸಿದ್ದೀರಾ? ಎಫ್‌ಐಆರ್ ನಂಬರ್ ಏನು? ತಿಳಿಸಿಲ್ಲದಿದ್ದರೆ ಯಾಕೆ? ಕೇಸ್ ಪೇಪರ್ ಒಂದು ಹೇಳಿ ಫಾರ್ಮ್ ಇನ್ನೊಂದು ಹೇಳಿದರೆ ಫೈಲು ಅಲ್ಲೇ ನಿಲ್ಲುತ್ತದೆ. ಟಿಪಿಎಯಿಂದ 'ಕ್ವೆರಿ' ಎಂಬ ಮೆಸೇಜು ಬರುತ್ತದೆ. ಆಮೇಲೆ ಓಡಾಟ.

*ಹಾಗಾದರೆ ಏನು ಹೇಳಬೇಕು?*

ಒಂದೇ ವಾಕ್ಯ ಸಾಕು. ಯಾರು ಏನು ಮಾಡುತ್ತಿದ್ದರು, ಯಾವ ಗಾಡಿ ಗುದ್ದಿತು, ಎಲ್ಲಿ, ಎಷ್ಟು ಗಂಟೆಗೆ. ಹಿಂದಿಯಲ್ಲಿ ಹೀಗೆ ಬಾಯಿಪಾಠ ಮಾಡಿಕೊಳ್ಳಿ, ಮನೆಯ ಮಕ್ಕಳಿಗೂ ಹೇಳಿಕೊಡಿ: "ಪೈದಲ್ ಜಾ ರಹಾ ಥಾ, ಟೆಂಪೋ ನೆ ಟಕ್ಕರ್ ಮಾರಾ, ಎಲ್‌ಬಿಎಸ್ ರೋಡ್ ಪೆ, ರಾತ್ ನೌ ಬಜೆ." ಬೈಕಾದರೆ ನಡೆಸುತ್ತಿದ್ದದ್ದು ಯಾರು, ಹಿಂದೆ ಕೂತದ್ದು ಯಾರು, ಹೆಲ್ಮೆಟ್ ಇತ್ತೇ ಎಂಬುದನ್ನೂ ಹೇಳಿ. "ಗಿರ್ ಗಯಾ" ಎಂಬ ಎರಡು ಶಬ್ದವನ್ನು ಮಾತ್ರ ನಿಜವಾಗಿ ಬಿದ್ದಾಗಷ್ಟೇ ಬಳಸಿ.

ಇದರ ಅರ್ಥ ಸುಳ್ಳು ಬರೆಸಿ ಎಂದಲ್ಲ. ಬಚ್ಚಲಲ್ಲಿ ಜಾರಿ ಬಿದ್ದವರಿಗೆ "ಕಾರು ಗುದ್ದಿತು ಅಂತ ಹೇಳಿ, ನಾನು ದುಡ್ಡು ಕೊಡಿಸುತ್ತೇನೆ" ಎನ್ನುವ ಏಜೆಂಟರು ಆಸ್ಪತ್ರೆಯ ಗೇಟಿನ ಹೊರಗೆ ಸಿಗುತ್ತಾರೆ. ಅವರ ಕಾರ್ಡನ್ನು ಅಲ್ಲೇ ಹರಿದು ಹಾಕಿ. ಎಕ್ಸ್‌ರೇ ನೋಡಿದ ಡಾಕ್ಟರಿಗೆ ಬಿದ್ದ ಮುರಿತ, ಗುದ್ದಿದ ಮುರಿತದ ವ್ಯತ್ಯಾಸ ಎಷ್ಟೋ ಸಲ ತಿಳಿಯುತ್ತದೆ, ಸುಳ್ಳು ಹೊರಬಿದ್ದರೆ ನಿಮ್ಮ ಮೇಲೆಯೇ ಕೇಸು.

ಪೆಟ್ಟು ಹೇಳುವಾಗ ದೊಡ್ಡ ಗಾಯ ಒಂದನ್ನೇ ಹೇಳಿ ಸುಮ್ಮನಾಗಬೇಡಿ. ಕಾಲು ಮುರಿದವನಿಗೆ ಕಾಲಿನದೇ ನೋವು, ತಲೆಯ ವಿಷಯ ಮರೆತುಹೋಗಿರುತ್ತದೆ. ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿತ್ತೇ? ವಾಂತಿ ಆಯಿತೇ? ಕಿವಿ ಮೂಗಿನಿಂದ ರಕ್ತ ಬಂತೇ? ಇವುಗಳನ್ನು ನೋಡಿದವರು ಹೇಳಬೇಕು, ಗಾಯಾಳುವಿಗೆ ನೆನಪಿರುವುದಿಲ್ಲ. ಚಿಕಿತ್ಸೆಗೇ ಇದು ಮೊದಲು ಬೇಕು, ಸಿ.ಟಿ. ಸ್ಕ್ಯಾನ್ ಮಾಡಬೇಕೇ ಬೇಡವೇ ಎಂಬುದು ಈ ಉತ್ತರಗಳ ಮೇಲೆ ನಿಂತಿದೆ. ಕಾಗದದ ಮಟ್ಟಿಗೂ, ಪ್ರಜ್ಞೆ ತಪ್ಪಿದ್ದು ಬರೆಯದೇ ಹೋದರೆ ತಲೆಪೆಟ್ಟು ಬರೀ ಚರ್ಮದ ಗಾಯವೆಂದು ಕೋಡಾಗುತ್ತದೆ. ಮೂರು ತಿಂಗಳ ಮೇಲೆ ತಲೆಸುತ್ತು, ಮರೆವು ಶುರುವಾದರೆ ಅದಕ್ಕೂ ಅಪಘಾತಕ್ಕೂ ಸಂಬಂಧ ತೋರಿಸುವ ಕಾಗದ ಇರುವುದಿಲ್ಲ.

ಹಲ್ಲು ಮುರಿದಿದ್ದರೆ ಅದನ್ನೂ ಹೇಳಿ. ಹಲ್ಲು ತಾನೇ ಎಂದು ಯಾರೂ ಹೇಳುವುದಿಲ್ಲ! ಆದರೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆಯಾಗಲಿ ಹಲ್ಲಾಗಲಿ ಮುರಿದರೆ, ಕೀಲು ತಪ್ಪಿದರೆ ಅದು 'ಗಂಭೀರ ಗಾಯ'. ಹದಿನೈದು ದಿನ ತೀವ್ರ ನೋವಿನಿಂದ ಅಥವಾ ದಿನದ ಕೆಲಸ ಮಾಡಲಾಗದೆ ನರಳಿದರೂ ಗಂಭೀರ ಗಾಯವೇ. ಹಳೆಯ ಐಪಿಸಿಯಲ್ಲಿ ಈ ಅವಧಿ ಇಪ್ಪತ್ತು ದಿನ ಇತ್ತು. ಗುದ್ದಿ ಓಡಿಹೋದ ಗಾಡಿ ಸಿಗದೇ ಹೋದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ಗಂಭೀರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಸಾದಾ ಗಾಯಕ್ಕೆ ಇಲ್ಲ. ಹಾಗಾಗಿ ಕಾಗದದಲ್ಲಿ 'ಕಾಲು ನೋವು' ಎಂದಿದೆಯೋ 'ಮೂಳೆ ಮುರಿತ' ಎಂದಿದೆಯೋ ಎಂಬುದು ಸಣ್ಣ ವಿಷಯವಲ್ಲ.

*ಡಾಕ್ಟರ ಗೀಚು ಓದುವುದು*

ಕೇಸ್ ಪೇಪರ್ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮಳೆಯಲ್ಲಿ ನೆನೆದು ಅಳಿಸಿಹೋದ ಕಾಗದ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆಮೇಲೆ ಓದಿ ನೋಡಿ. 'ಆರ್‌ಟಿಎ' ಎಂದರೆ ರಸ್ತೆ ಅಪಘಾತ. ಅದರ ಹಿಂದೆ 'ಅಲೆಜ್ಡ್ ಹಿಸ್ಟರಿ' ಎಂದಿದ್ದರೆ ಡಾಕ್ಟರು ನಿಮ್ಮನ್ನು ನಂಬಿಲ್ಲವೆಂದು ಜಗಳ ಆಡಬೇಡಿ. ತಾವು ಕಣ್ಣಾರೆ ನೋಡದ್ದನ್ನು ಎಲ್ಲ ಡಾಕ್ಟರೂ ಹಾಗೆಯೇ ಬರೆಯುವುದು. 'ಎಲ್‌ಒಸಿ' ಎಂದರೆ ಪ್ರಜ್ಞೆ ತಪ್ಪಿದ್ದು. 'ಸಿಎಲ್‌ಡಬ್ಲ್ಯು' ಎಂದರೆ ಜಜ್ಜಿ ಹರಿದ ಗಾಯ. ಲೂಡೋ ಮನೆಯಂಥ ನಾಲ್ಕು ಗೆರೆಯ ಹ್ಯಾಶ್ ಚಿಹ್ನೆ ಇದ್ದರೆ ಮೂಳೆ ಮುರಿತ.

ಎಡ, ಬಲ ಸರಿಯಾಗಿದೆಯೇ ಎಂದು ಖಂಡಿತ ನೋಡಿ. ಅಮೆರಿಕದ ಕೋಡಿನಲ್ಲಿ ಎಡಗಾಲಿಗೊಂದು ಬಲಗಾಲಿಗೊಂದು ನಂಬರ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಮುರಿತದ ಕೋಡು ಎರಡೂ ಕಾಲಿಗೆ ಒಂದೇ. ಹಾಗಾಗಿ ಡಾಕ್ಟರು ಬರೆದ ಶಬ್ದವೇ ಆಧಾರ. ಕೇಸ್ ಪೇಪರಿನಲ್ಲಿ ಎಡ, ಎಕ್ಸ್‌ರೇ ರಿಪೋರ್ಟಿನಲ್ಲಿ ಬಲ ಎಂದಿದ್ದರೆ ಡಿಸ್ಚಾರ್ಜಿಗೆ ಮೊದಲೇ ಹೇಳಿ.

ತಪ್ಪು ಕಂಡರೆ ನೀವು ಪೆನ್ನು ತೆಗೆಯಬೇಡಿ. ವೈಟ್ನರ್ ಅಂತೂ ಬೇಡವೇ ಬೇಡ. ಡಾಕ್ಟರಿಗೆ ತಿಳಿಸಿ. ಅವರು ಹಳೆಯ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ತಾರೀಕು ಮತ್ತು ಸಮಯ ಹಾಕಿ ಸಹಿ ಮಾಡುತ್ತಾರೆ. ಅದೇ ರಾತ್ರಿ, ಇಲ್ಲವೇ ಮರುದಿನ ಬೆಳಿಗ್ಗೆ ಆದ ತಿದ್ದುಪಡಿಗೆ ಬೆಲೆಯಿದೆ. ತಿಂಗಳ ಮೇಲೆ ಕೇಳಿದರೆ ಯಾವ ಡಾಕ್ಟರೂ ಒಪ್ಪುವುದಿಲ್ಲ, ಅವರನ್ನು ದೂರುವ ಹಾಗೂ ಇಲ್ಲ.

*ಪೊಲೀಸ್ ಹೆದರಿಕೆ*

ರಸ್ತೆ ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯವರು ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸ್ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಎಂಎಲ್‌ಸಿ ಎಂದ ಕೂಡಲೇ ನಮ್ಮವರು "ಬೇಡ ಸಾಹೇಬ್ರೇ, ಕೇಸು ಗೀಸು ಬೇಡ" ಎಂದು ಕೈ ಮುಗಿಯುತ್ತಾರೆ. ಎಂಎಲ್‌ಸಿ ನಿಮ್ಮ ಮೇಲಿನ ಕೇಸಲ್ಲ. ಈ ಗಾಯ ಈ ದಿನ ಈ ಹೊತ್ತಿಗೆ ಡಾಕ್ಟರ ಕಣ್ಣಿಗೆ ಬಿತ್ತು ಎಂಬ ದಾಖಲೆ. ಅದರ ನಂಬರ್ ಬರೆದಿಟ್ಟುಕೊಳ್ಳಿ.

ಎಫ್‌ಐಆರ್ ಆಗುವ ತನಕ ಮುಟ್ಟುವುದಿಲ್ಲ ಎಂದು ಯಾವ ಆಸ್ಪತ್ರೆಯೂ ಹೇಳುವ ಹಾಗಿಲ್ಲ. ಮೊದಲು ಪ್ರಾಣ, ಆಮೇಲೆ ಪೊಲೀಸ್ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಇನ್ನು ಗಾಯಾಳುವನ್ನು ಕರೆತಂದವರ ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ತಂದವರನ್ನು ಹಿಡಿದು ಕೂರಿಸುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ, ಆಸ್ಪತ್ರೆಯ ದುಡ್ಡು ಕಟ್ಟಿ ಎನ್ನುವಂತಿಲ್ಲ. ಬದಲಿಗೆ, ಗಂಭೀರ ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ 25,000 ರೂಪಾಯಿ ಬಹುಮಾನ ಕೊಡುವ 'ರಾಹ್‌ವೀರ್' ಯೋಜನೆಯೇ ಇದೆ. ನಮ್ಮ ಸೆಂಟ್ರಿಂಗ್ ಹುಡುಗನ ಚಿಕ್ಕಪ್ಪನ ಮಗನಿಗೆ ಇಷ್ಟು ಗೊತ್ತಿದ್ದರೆ!

ಎಫ್‌ಐಆರ್ ತಡವಾಯಿತೆಂದು ಕೈಚೆಲ್ಲಿ ಕೂರುವುದೂ ಬೇಡ. ತಡವಾದದ್ದು ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಅನುಮಾನಿಸಬಾರದು, ಅಪಘಾತವಾದ ಮನೆಯವರು ಮೊದಲು ಆಸ್ಪತ್ರೆಗೆ ಓಡುತ್ತಾರೆ ಹೊರತು ಠಾಣೆಗಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಂಥ ಹೊತ್ತಿನಲ್ಲಿ ನಿಮ್ಮನ್ನು ಕಾಯುವುದು ಮತ್ತದೇ ಕೇಸ್ ಪೇಪರ್. ಮೊದಲ ರಾತ್ರಿಯೇ 'ಟೆಂಪೋ ಗುದ್ದಿ' ಎಂದು ಬರೆದಿದ್ದರೆ ಹನ್ನೆರಡು ದಿನದ ತಡ ದೊಡ್ಡದಾಗುವುದಿಲ್ಲ.

ಪೊಲೀಸರಿಗೆ ತಿಳಿಸುವುದರಲ್ಲಿ ಇನ್ನೊಂದು ಲಾಭವಿದೆ. 2025ರ ಮೇ ತಿಂಗಳಿಂದ ಕೇಂದ್ರ ಸರಕಾರದ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ಮೋಟಾರು ವಾಹನದಿಂದ ರಸ್ತೆಯಲ್ಲಿ ಅಪಘಾತವಾದವರಿಗೆ, ಅಪಘಾತದ ದಿನದಿಂದ ಏಳು ದಿನದವರೆಗೆ, ನಿಗದಿಯಾದ ಆಸ್ಪತ್ರೆಯಲ್ಲಿ ಒಬ್ಬರಿಗೆ 1.5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ. ಅದು ರಸ್ತೆ ಅಪಘಾತವೇ ಎಂದು ಪೊಲೀಸರು ದೃಢೀಕರಿಸಬೇಕು. 'ಬಿದ್ದ' ಎಂದು ಬರೆಸಿದವರಿಗೆ ಈ ಬಾಗಿಲೂ ಮುಚ್ಚುತ್ತದೆ.

*ಹೆಸರು, ವಯಸ್ಸು, ಆಸ್ಪತ್ರೆ*

ಊರಿನಲ್ಲಿ 'ಸಂಗಣ್ಣ', ಆಧಾರಿನಲ್ಲಿ 'ಸಂಗಪ್ಪ', ಕೆಲಸದ ಜಾಗದಲ್ಲಿ 'ಸಂಜು', ಕೇಸ್ ಪೇಪರಿನಲ್ಲಿ 'ಸಂಜಯ'. ಇದು ನಮ್ಮ ಮನೆಮನೆಯ ಕಥೆ. ಮುಂಬಯಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಊರ ಹೆಸರನ್ನೋ ಜಾತಿಯ ಹೆಸರನ್ನೋ ಆ ಗಳಿಗೆಯಲ್ಲಿ ಹೇಳಿಬಿಡುತ್ತಾರೆ. ಆಧಾರಿನ ಫೋಟೋವನ್ನು ಮನೆಯವರೆಲ್ಲರ ಮೊಬೈಲಿನಲ್ಲೂ ಇಟ್ಟಿರಿ. ಅದನ್ನು ನೋಡಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೇಳಿ.

ವಯಸ್ಸನ್ನು ಅಂದಾಜಿನಲ್ಲಿ ಹೇಳಬೇಡಿ. ಪರಿಹಾರದ ಲೆಕ್ಕವೇ ವಯಸ್ಸಿನ ಮೇಲೆ ನಿಂತಿದೆ. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಕೊಟ್ಟ ಕೋಷ್ಟಕದಂತೆ 36ರಿಂದ 40 ವಯಸ್ಸಿನವರಿಗೆ ವರ್ಷದ ಆದಾಯವನ್ನು 15ರಿಂದ ಗುಣಿಸುತ್ತಾರೆ, 41ರಿಂದ 45ರವರಿಗೆ 14ರಿಂದ. ತಿಂಗಳಿಗೆ 15,000 ದುಡಿಯುವ 38 ವರ್ಷದವನಿಗೆ 20 ಶೇಕಡಾ ದುಡಿಮೆ ನಷ್ಟವಾಯಿತೆನ್ನಿ. ವರ್ಷಕ್ಕೆ 1,80,000, ಅದನ್ನು 15ರಿಂದ ಗುಣಿಸಿ ಅದರಲ್ಲಿ 20 ಶೇಕಡಾ ಎಂದರೆ 5,40,000. ಕಾಗದದಲ್ಲಿ "ಸುಮಾರು 42" ಎಂದಿದ್ದು ಅದೇ ನಿಂತರೆ 5,04,000. ಬಾಯಿತಪ್ಪಿನ ಬೆಲೆ 36,000 ರೂಪಾಯಿ. ವಯಸ್ಸಿಗೆ ಆಧಾರ್ ಗಟ್ಟಿ ಪುರಾವೆಯಲ್ಲ, ಶಾಲೆ ಬಿಟ್ಟ ಸರ್ಟಿಫಿಕೇಟ್ ಮೇಲು ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಊರಿನ ಸರಕಾರಿ ಶಾಲೆಯ ಟಿಸಿ ಎಲ್ಲಿದೆ ನೋಡಿ, ಇಲ್ಲದಿದ್ದರೆ ಮುಂದಿನ ಜಾತ್ರೆಗೆ ಹೋದಾಗ ತಂದಿಡಿ.

ಆಸ್ಪತ್ರೆಯ ಹೆಸರನ್ನೂ ಪೂರ್ತಿ ಹೇಳಿ. ಮುಂಬಯಿಯಲ್ಲಿ ಭಾಭಾ ಹೆಸರಿನ ಮುನ್ಸಿಪಲ್ ಆಸ್ಪತ್ರೆ ಎರಡಿವೆ, ಒಂದು ಕುರ್ಲಾದಲ್ಲಿ, ಇನ್ನೊಂದು ಬಾಂದ್ರಾದಲ್ಲಿ. "ಭಾಭಾಕ್ಕೆ ಬನ್ನಿ" ಎಂದು ಫೋನಿಟ್ಟರೆ ಊರಿಂದ ಬಂದವರು ಇನ್ನೊಂದರ ಬಾಗಿಲಲ್ಲಿ ನಿಂತಿರುತ್ತಾರೆ. ಫಾರ್ಮ್ ತುಂಬುವಾಗಲೂ ಇದೇ ಗೊಂದಲ.

*ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವುದು*

ಇದನ್ನು ಬೈಯಲು ಬರೆಯುತ್ತಿಲ್ಲ. ಖೋಲಿಯಲ್ಲಿ ನೋಡಿಕೊಳ್ಳಲು ಹೆಂಗಸರಿಲ್ಲ, ಬಾಡಿಗೆ ಏರುತ್ತಿರುತ್ತದೆ, ಊರಿನಲ್ಲಿ ಮೂಳೆ ಕಟ್ಟುವವರು ಇದ್ದಾರೆ ಎಂಬ ನಂಬಿಕೆ. ಮೂರನೇ ದಿನಕ್ಕೇ ಕಾಲಿಗೆ ಸ್ಲ್ಯಾಬ್ ಹಾಕಿಸಿಕೊಂಡು ಬಸ್ಸು ಹತ್ತಿಸುತ್ತಾರೆ. ಆಗ ಆಸ್ಪತ್ರೆಯವರು ಕಾಗದದ ಮೇಲೆ 'ಡಾಮಾ' ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಡಾಕ್ಟರ ಸಲಹೆಗೆ ವಿರುದ್ಧವಾಗಿ ಹೋದರು ಎಂದರ್ಥ. ಆಮೇಲೆ ಎರಡು ತಿಂಗಳು ಯಾವ ಕಾಗದವೂ ಇಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡು, ಕಾಲು ಗಿಡ್ಡವಾಗಿ ಮತ್ತೆ ಬಂದರೆ ಇನ್ಶೂರೆನ್ಸಿನವರು ಕೇಳುವುದು ಸಹಜ: ಕಾಲು ಗಿಡ್ಡವಾದದ್ದು ಅಪಘಾತದಿಂದಲೋ, ನೀವು ಚಿಕಿತ್ಸೆ ಬಿಟ್ಟದ್ದರಿಂದಲೋ?

ಹೋಗಲೇಬೇಕಾದರೆ ಡಾಕ್ಟರಿಗೆ ನೇರವಾಗಿ ಹೇಳಿ, "ಊರಿನ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡಿ" ಎಂದು ಕೇಳಿ. ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ ಫಿಲ್ಮು, ಸ್ಕ್ಯಾನಿನ ಸಿ.ಡಿ. ಕೈಯಲ್ಲಿ ಹಿಡಿದೇ ಹೊರಡಿ. ಊರು ಮುಟ್ಟಿದ ವಾರದೊಳಗೆ ವಿಜಯಪುರವೋ ಕಲಬುರಗಿಯೋ ಉಡುಪಿಯೋ, ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಒಪಿಡಿ ಚೀಟಿ ಮಾಡಿಸಿ. ಹಳೆಯ ಅಪಘಾತದ ತಾರೀಕನ್ನು ಅದರಲ್ಲಿ ಬರೆಸಿ. ದಾರ ಕಡಿಯಬಾರದು, ಅಷ್ಟೇ.

ಊರಿಗೆ ಹೋಗುವ ದಾರಿಯಲ್ಲೇ ಅಪಘಾತವಾದರೆ? ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ. 166ನೇ ಕಲಮಿನಂತೆ ನೀವು ವಾಸ ಮಾಡುವ ಅಥವಾ ದುಡಿಯುವ ಊರಿನ ಟ್ರಿಬ್ಯೂನಲ್‌ನಲ್ಲೂ ಹಾಕಬಹುದು. ದಾವಣಗೆರೆಯ ಹತ್ತಿರ ಬಸ್ಸು ಉರುಳಿದರೂ ಕುರ್ಲಾದಲ್ಲಿರುವವರು ಮುಂಬಯಿಯಲ್ಲೇ ಅರ್ಜಿ ಕೊಡಬಹುದು, ತಾರೀಕು ತಾರೀಕಿಗೆ ಅಲ್ಲಿಗೆ ಅಲೆಯುವುದು ತಪ್ಪುತ್ತದೆ. ಆದರೆ ಅಲ್ಲಿನ ಪೊಲೀಸ್ ಮತ್ತು ಆಸ್ಪತ್ರೆಯ ಕಾಗದಗಳನ್ನು ಅಲ್ಲಿಂದ ಹೊರಡುವ ಮೊದಲೇ ತೆಗೆದುಕೊಳ್ಳಿ. ಕನ್ನಡದಲ್ಲಿದ್ದರೆ ಇಲ್ಲಿ ಅನುವಾದ ಮಾಡಿಸಬೇಕಾಗುತ್ತದೆ. ಕಾಯ್ದೆಯಲ್ಲಿ ಅರ್ಜಿಗೆ ಆರು ತಿಂಗಳ ಗಡುವಿದೆ. ಈ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿದೆ ನಿಜ, ಆದರೆ ಅದನ್ನು ನಂಬಿ ಕೂರದೆ ಆರು ತಿಂಗಳೊಳಗೇ ಮುಗಿಸಿ.

*ಕೈಗೆ ಎಷ್ಟು ಶೇಕಡಾ?*

ಗಾಯ ಮಾಗಿದ ಮೇಲೂ ಊನ ಉಳಿದರೆ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಇಲ್ಲಿ ಹೆಚ್ಚಿನವರು ಶೇಕಡಾವಾರು ಒಂದನ್ನೇ ನೋಡುತ್ತಾರೆ. 2010ರ ರಾಜಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದು ಬೇರೆ. ದೇಹಕ್ಕೆ ಎಷ್ಟು ಊನ ಎಂಬುದು ಒಂದು, ದುಡಿಮೆಗೆ ಎಷ್ಟು ಪೆಟ್ಟು ಎಂಬುದು ಇನ್ನೊಂದು. ಎಡಗೈ ಕಳೆದುಕೊಂಡ ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಅದೇ ಕೈ ಹೋದ ಡ್ರೈವರಿಗೋ ಬಡಗಿಗೋ ದುಡಿಮೆಯೇ ಪೂರ್ತಿ ಹೋಗಬಹುದು. ಕೋರ್ಟು ಕೊಟ್ಟ ಉದಾಹರಣೆಯೇ ಇದು.

ಆದ್ದರಿಂದ ಡಾಕ್ಟರ ಮುಂದೆ ಕೂತಾಗ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. "ಹೋಟೆಲಿನಲ್ಲಿದ್ದೇನೆ" ಎಂದರೆ ಸಾಲದು. ಗಲ್ಲಾದಲ್ಲಿ ಕೂರುವವರಾ, ಹನ್ನೆರಡು ತಾಸು ನಿಂತು ದೋಸೆ ಹುಯ್ಯುವವರಾ? "ಬಿಲ್ಡಿಂಗ್ ಕೆಲಸ" ಎಂದರೂ ಸಾಲದು. ಏಣಿ ಹತ್ತಬೇಕಾ, ಕುಕ್ಕರುಗಾಲಿನಲ್ಲಿ ಕೂತು ಟೈಲ್ಸ್ ಹಾಕಬೇಕಾ? ಮೊಣಕಾಲು ಪೂರ್ತಿ ಮಡಚದವನು ಗಲ್ಲಾದಲ್ಲಿ ಕೂರಬಲ್ಲ, ಟೈಲ್ಸ್ ಹಾಕಲಾರ. ಇದನ್ನು ಡಾಕ್ಟರು ಬರೆದರೆ ಮಾತ್ರ ಜಡ್ಜರಿಗೆ ತಿಳಿಯುತ್ತದೆ. ಪಗಾರದ ಚೀಟಿ ಇಲ್ಲವೆಂದು ಹೆದರಬೇಕಾಗಿಲ್ಲ. ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕರ ಪ್ರಕರಣದಲ್ಲಿ, ಆ ಕಾಲದ ಕೂಲಿದರಕ್ಕೆ ಹೊಂದುವ ಮಾತಾದ್ದರಿಂದ, ಅವರು ಹೇಳಿದ ತಿಂಗಳ ಆದಾಯ 4,500 ರೂಪಾಯಿಯನ್ನು ದಾಖಲೆಯಿಲ್ಲದಿದ್ದರೂ ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿಕೊಂಡಿದೆ. ಆದರೂ ಸೇಠರ ಹತ್ತಿರ ಒಂದು ಪತ್ರ ಬರೆಸಿಕೊಂಡರೆ ಒಳ್ಳೆಯದು. ಮುನ್ಸಿಪಲ್ ಆಸ್ಪತ್ರೆಯಲ್ಲಿ ಬಿಲ್ಲು ಕಡಿಮೆ, ಖರ್ಚು ಹೊರಗಡೆಯೇ ಹೆಚ್ಚು. ರಿಕ್ಷಾ, ಮೆಡಿಕಲ್ ಸ್ಟೋರು, ವಾಕರ್, ನೋಡಿಕೊಳ್ಳಲು ಕೂತವರ ಕಳೆದ ಪಗಾರ, ಇವನ್ನೆಲ್ಲ ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ.

ಕಾಗದ ಕಳೆದುಹೋಗಿದ್ದರೆ ಅರ್ಜಿ ಕೊಟ್ಟು ಕೇಳಿ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ 2002ರ ನಿಯಮಾವಳಿಯಲ್ಲೇ ಇದೆ. ಅರ್ಜಿಯ ನಕಲಿನ ಮೇಲೆ ಠಸೆ ಹಾಕಿಸಿಕೊಳ್ಳಲು ಮರೆಯಬೇಡಿ.

ಸಿಂದಗಿಯ ಆ ಹುಡುಗನ ವಿಷಯ ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ಅವನ ಕೇಸು ಇನ್ನೂ ನಡೆಯುತ್ತಿದೆ. ಪಾನ್ ಅಂಗಡಿಯವರ ಸಾಕ್ಷಿ ಆಗಿದೆ. ಎದುರಿನ ಅಂಗಡಿಯ ಸಿಸಿಟಿವಿಯಲ್ಲಿ ಇದ್ದದ್ದು ಕೇಳುವಷ್ಟರಲ್ಲಿ ಅಳಿಸಿಹೋಗಿತ್ತು. ಈಗ ನರ್ಸಿಂಗ್ ಹೋಮಿನ ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕಾಗಿದೆ. ಅವತ್ತು ರಾತ್ರಿ "ಗಿರ್ ಗಯಾ" ಎಂದ ಚಿಕ್ಕಪ್ಪನ ಮಗನೂ ಕಟಕಟೆ ಹತ್ತಿ ತಾನು ಹೇಳಿದ್ದರ ಅರ್ಥವೇನೆಂದು ಹೇಳಬೇಕು. ಈಗ ಅವನಿಗೆ ಹಿಂದಿ ಚೆನ್ನಾಗಿ ಬರುತ್ತದೆ.